ಗೆರೆ ಬಿದ್ದದ್ದು ಕ್ಯಾಸೆಟ್ಟಿಗಲ್ಲ



ಮನೆಯ ಹಳೆಯ ವಿಡಿಯೋ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಬೇಡವಾದುದನ್ನು ಕತ್ತರಿಸಿ, ಬೇಕಾದುದನ್ನು ಜೋಡಿಸಿ, ಕೊನೆಗೆ ಒಂದು ಹೊಸ ಫೈಲಾಗಿ ಹೊರತೆಗೆಯುವ ಕೆಲಸ ಈಗ ಅನೇಕ ಮನೆಗಳಲ್ಲಿ ನಡೆದಿದೆ. ಈ ಹೊರತೆಗೆಯುವ ಹಂತಕ್ಕೆ ‘ರೆಂಡರ್’ ಎಂದು ಹೆಸರು. ಜೋಡಿಸುವಾಗ ಚೆನ್ನಾಗಿಯೇ ಕಾಣುತ್ತಿದ್ದ ಚಿತ್ರ ರೆಂಡರ್ ಆದ ಮೇಲೆ ವಿಕಾರವಾಗಿ ಬರುವುದುಂಟು. ಕೈ ಬೀಸಿದರೆ ಕೈಗೆ ಬಾಚಣಿಗೆಯ ಹಲ್ಲುಗಳಂತೆ ಗೆರೆ ಮೂಡುತ್ತವೆ. ನಡುವೆ ಒಮ್ಮೆ ತೆರೆಯೆಲ್ಲ ಹಸಿರಾಗಿ ಮಾಯವಾಗುತ್ತದೆ. ಮುಖಗಳು ಚೌಕಚೌಕವಾಗಿ ಒಡೆಯುತ್ತವೆ. ಆಗ ನಮ್ಮವರು ಕೊಡುವ ತೀರ್ಪು ಒಂದೇ: “ಕ್ಯಾಸೆಟ್ ಕೆಟ್ಟೈತಿ.” ಈ ತೀರ್ಪು ಬಹಳ ಸಲ ತಪ್ಪಾಗಿರುತ್ತದೆ ಎಂಬುದು ಈ ಲೇಖನದ ಮೊದಲ ಮಾತು. ತಪ್ಪು ತೀರ್ಪಿನ ಮೇಲೆ ಮೂಲ ಕ್ಯಾಸೆಟ್ಟನ್ನು ಚೆಲ್ಲುವುದು ನಮ್ಮ ಭಾಗದ ಜನರಿಗೆ ಇತರರಿಗಿಂತ ಹೆಚ್ಚಿನ ನಷ್ಟ ಎಂಬುದು ಎರಡನೆಯ ಮಾತು.

ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿ ಘಟಪ್ರಭೆಯನ್ನು ದಾಟುವುದು ನಮ್ಮ ಅನಗವಾಡಿಯಲ್ಲಿ. ಆ ಸೇತುವೆಯ ಮೇಲೆ ನಿಂತು ಮಳೆಗಾಲದ ನಂತರ ನೋಡಿದರೆ ಕಾಣುವುದು ಹರಿಯುವ ನದಿಯಲ್ಲ, ನಿಂತ ನೀರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಅದು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟ ಮೇಲೆ ಕೃಷ್ಣೆ, ಘಟಪ್ರಭೆಗಳ ದಂಡೆಯ ಎಷ್ಟೋ ಊರುಗಳು ಎತ್ತರದ ಜಾಗೆಗೆ ಸರಿದವು. ಬಾಗಲಕೋಟೆಯ ಹಳೆಯ ಪೇಟೆಯ ಒಂದು ಭಾಗ ಹೋಗಿ ನವನಗರ ಎದ್ದಿತು. ಬೀಳಗಿ ತಾಲೂಕಿನ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ತಾವು ಹುಟ್ಟಿದ ಮನೆಯನ್ನು ತಮ್ಮ ಮಕ್ಕಳಿಗೆ ತೋರಿಸಲಾರರು.

ಮನೆಗಳಲ್ಲಿ ವಿಡಿಯೋ ಕ್ಯಾಮೆರಾ ಓಡಾಡಿದ್ದು ಇದೇ ಕಾಲದ ಹಿಂದುಮುಂದಿನಲ್ಲಿ. ಮದುವೆಗೆ ಒಬ್ಬ ವಿಡಿಯೋದವನನ್ನು ಕರೆಯಿಸುವುದು 1990ರ ದಶಕದಲ್ಲಿ ನಮ್ಮಲ್ಲಿ ರೂಢಿಗೆ ಬಂದಿತು. ಅವನು ತೆಗೆದದ್ದು ಮದುಮಕ್ಕಳನ್ನೇ. ಆದರೆ ಅವರ ಬೆನ್ನ ಹಿಂದೆ ಅಗಸಿ ಇದೆ, ಬಾವಿಕಟ್ಟೆ ಇದೆ, ಹಗೇವಿನ ಬಾಯಿ ಇದೆ, ಕಟ್ಟಿಗೆಯ ತೊಲೆಬಾಗಿಲು ಇದೆ. ಸರಕಾರದ ಕಾಗದಗಳಲ್ಲಿ ಆ ಮನೆಗೆ ಒಂದು ಸರ್ವೇ ನಂಬರು, ಒಂದು ಪರಿಹಾರದ ಮೊತ್ತ ಮಾತ್ರ ಉಳಿದಿದೆ. ಅದರ ಚಲಿಸುವ ಚಿತ್ರ ಉಳಿದಿರುವುದು ಯಾರದೋ ಟ್ರಂಕಿನಲ್ಲಿರುವ ಕ್ಯಾಸೆಟ್ಟಿನಲ್ಲಿ. ಆದ್ದರಿಂದ ರೆಂಡರಿನ ದೋಷವೆಂಬ ಈ ಸಣ್ಣ ತಾಂತ್ರಿಕ ವಿಷಯದ ಮೇಲೆ ಇಷ್ಟು ಉದ್ದ ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ಬಳಗದಲ್ಲಿಯೇ ಈಚೆಗೆ ನಡೆದ ಸಂಗತಿ ಕೇಳಿ. ಪುಣೆಯಲ್ಲಿರುವ ನನ್ನ ತಂಗಿಯ ಮಗ ಮೂರು ಹಳೆಯ ದಾಖಲೆಗಳನ್ನು ಸೇರಿಸಿ ಒಂದು ಚಿತ್ರ ಮಾಡಲು ಕುಳಿತ. ಒಂದು, 1996ರ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟು. ಎರಡು, ಜಾತ್ರೆಯ ದಿನ ಚಿಕ್ಕ ಮಿನಿಡಿವಿ ಕ್ಯಾಮೆರಾದಲ್ಲಿ ಹಿಡಿದದ್ದು. ಮೂರು, ಅಮೆರಿಕದಿಂದ ಬಂದ ನಮ್ಮ ಬೀಗರು ಅಲ್ಲಿಂದಲೇ ತಂದ ಕ್ಯಾಮೆರಾದಲ್ಲಿ ತೆಗೆದದ್ದು. ಮೂರರಲ್ಲಿಯೂ ಈಗ ನೀರಿನಡಿ ಇರುವ ಹಳೆಯ ಮನೆ ಬರುತ್ತದೆ. ಎರಡು ರಾತ್ರಿ ಕೂತು ರೆಂಡರ್ ಮಾಡಿದ ಮೇಲೆ ಅವನು ಫೋನ್ ಮಾಡಿದ. “ಮಾಮಾ, ಎಲ್ಲಾ ಕೆಟ್ಟು ಹೋಗೇತ್ರಿ. ಗೆರಿ ಬೀಳಾಕತ್ತಾವು, ಹಸರ ಬರತೈತಿ. ಇವನ್ನ ಇಟ್ಟಕೊಂಡು ಏನ್ ಮಾಡೋದೈತ್ರಿ?” ನಾನು ಹೇಳಿದೆ: “ಚೆಲ್ಲಬ್ಯಾಡಪಾ. ತಪ್ಪು ಎಲ್ಲಿ ಹುಟ್ಟೇತಿ ಅನ್ನೂದು ಮೊದಲ ನೋಡೂಣು.”

ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದ ಯಾವ ಶಿಕ್ಷಕನಿಗೂ ಗೊತ್ತಿರುವ ಒಂದು ಕ್ರಮವಿದೆ. ಲೆಕ್ಕದ ಉತ್ತರ ತಪ್ಪಾಗಿದ್ದರೆ ಹುಡುಗ ದಡ್ಡನೆಂದು ಕೂಡಲೇ ಬರೆಯಬಾರದು. ಪ್ರಶ್ನೆಪತ್ರಿಕೆಯಲ್ಲಿಯೇ ಅಚ್ಚಿನ ತಪ್ಪಿರಬಹುದು. ಕಚ್ಚಾ ಲೆಕ್ಕದಲ್ಲಿ ತಪ್ಪಿರಬಹುದು. ಕಚ್ಚಾ ಸರಿಯಿದ್ದು, ಪಕ್ಕಾ ಪ್ರತಿ ಬರೆಯುವಾಗ ಅಂಕಿ ಅದಲುಬದಲಾಗಿರಬಹುದು. ಎಲ್ಲವೂ ಸರಿಯಿದ್ದು, ತಿದ್ದುವವನ ಕನ್ನಡಕವೇ ಮಸುಕಾಗಿರಬಹುದು! ವಿಡಿಯೋದಲ್ಲಿಯೂ ಇದೇ ನಾಲ್ಕು ಸ್ಥಾನಗಳು. ಮೂಲ ಫೈಲು ಪ್ರಶ್ನೆಪತ್ರಿಕೆ; ಜೋಡಿಸುವ ಟೈಮ್‌ಲೈನು ಕಚ್ಚಾ ಲೆಕ್ಕ; ರೆಂಡರು ಪಕ್ಕಾ ಪ್ರತಿ; ಅದನ್ನು ತೋರಿಸುವ ಪ್ಲೇಯರು ತಿದ್ದುವವನ ಕನ್ನಡಕ.

ಹುಡುಕುವ ಬಗೆ ಹೀಗೆ. ದೋಷ ಕಂಡ ನಿಮಿಷ, ಸೆಕೆಂಡುಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮೂಲ ಫೈಲಿನಲ್ಲಿ ಅದೇ ದೃಶ್ಯವನ್ನು ನೋಡಿ. ಅಲ್ಲಿಯೂ ದೋಷವಿದ್ದರೆ ಅದು ಕ್ಯಾಸೆಟ್ಟಿನದು ಅಥವಾ ಇಳಿಸಿಕೊಂಡಾಗ ಆದದ್ದು. ಮೂಲದಲ್ಲಿ ಇಲ್ಲದೆ ಟೈಮ್‌ಲೈನಿನಲ್ಲಿ ಕಂಡರೆ ಅದು ಜೋಡಣೆಯದು. ಎರಡರಲ್ಲಿಯೂ ಇಲ್ಲದೆ ಹೊಸ ಫೈಲಿನಲ್ಲಿ ಮಾತ್ರ ಇದ್ದರೆ ಆ ಫೈಲನ್ನು ವಿಎಲ್‌ಸಿಯಂತಹ ಮತ್ತೊಂದು ಪ್ಲೇಯರಿನಲ್ಲಿ, ಸಾಧ್ಯವಾದರೆ ಮತ್ತೊಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಅಲ್ಲಿ ಸರಿಯಾಗಿ ಕಂಡರೆ ಫೈಲು ನಿರಪರಾಧಿ. ಅಲ್ಲಿಯೂ ಕೆಟ್ಟಿದ್ದರೆ ರೆಂಡರಿನದೇ ತಪ್ಪು. ಇನ್ನೊಂದು ಪರೀಕ್ಷೆಯೂ ಇದೆ. ಅದೇ ಚಿತ್ರವನ್ನು ಎರಡನೆಯ ಸಲ ರೆಂಡರ್ ಮಾಡಿ. ದೋಷ ಅದೇ ಜಾಗದಲ್ಲಿ ಮತ್ತೆ ಬಂದರೆ ಕಾರಣ ಚಿತ್ರದಲ್ಲಿದೆ ಅಥವಾ ಜೋಡಣೆಯಲ್ಲಿದೆ. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ಬಂದರೆ ಕಾರಣ ಯಂತ್ರದಲ್ಲಿದೆ: ಕಾವು, ನೆನಪಿನ ಚಿಪ್ಪು, ಗ್ರಾಫಿಕ್ಸ್ ಕಾರ್ಡಿನ ಡ್ರೈವರು ಇವುಗಳಲ್ಲಿ ಒಂದು. ಇಡೀ ಎರಡು ತಾಸಿನ ಚಿತ್ರವನ್ನು ರೆಂಡರ್ ಮಾಡಿ ಕಾಯಬೇಕಾಗಿಲ್ಲ. ದೋಷವಿರುವ ಅರ್ಧ ನಿಮಿಷವನ್ನು ಮಾತ್ರ ಆರಿಸಿಕೊಂಡರೆ ಸಾಕು.

ಈ ಕ್ರಮದಲ್ಲಿ ನಮ್ಮ ಹುಡುಗನ ಚಿತ್ರವನ್ನು ಪರೀಕ್ಷಿಸಿದಾಗ ಐದು ದೋಷಗಳಿಗೆ ಐದು ಬೇರೆ ಕಾರಣಗಳು ಸಿಕ್ಕವು. ಒಂದೊಂದಾಗಿ ವಿವರಿಸುತ್ತೇನೆ, ನಿಮ್ಮ ಮನೆಯ ಚಿತ್ರಕ್ಕೂ ಇವು ಅನ್ವಯಿಸಬಹುದು.

ಮೊದಲನೆಯದು ಬಾಚಣಿಗೆಯ ಗೆರೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿಗೆ ಪಾಲ್ ಎಂದು ಹೆಸರು. ಅದರಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದೊಂದು ಚಿತ್ರವೂ ಎರಡು ಅರ್ಧಗಳಾಗಿ ಬರುತ್ತದೆ. ಒಂದು ಪುಟವನ್ನು ಇಬ್ಬರು ಹುಡುಗರಿಂದ ಬರೆಯಿಸಿದಂತೆ: ಒಬ್ಬ 1, 3, 5ನೆಯ ಸಾಲುಗಳನ್ನು ಬರೆದರೆ ಇನ್ನೊಬ್ಬ 2, 4, 6ನೆಯ ಸಾಲುಗಳನ್ನು ಬರೆಯುತ್ತಾನೆ. ಕಾಣುವ 576 ಸಾಲುಗಳಲ್ಲಿ ಒಂದೊಂದು ಅರ್ಧಕ್ಕೆ 288 ಸಾಲು. ಎರಡು ಅರ್ಧಗಳ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಅಂತರ. ಹಳೆಯ ಡಬ್ಬಿ ಟಿವಿ ಇವನ್ನು ಒಂದಾದ ಮೇಲೊಂದು ಬರೆಯುತ್ತಿತ್ತು, ಕಣ್ಣಿಗೆ ಏನೂ ತಿಳಿಯುತ್ತಿರಲಿಲ್ಲ. ಕಂಪ್ಯೂಟರಿನ ತೆರೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಆ ಅಂತರದಲ್ಲಿ ಕೈ ಸರಿದಿದ್ದರೆ ಬೆಸ ಸಾಲುಗಳಲ್ಲಿ ಕೈ ಒಂದು ಕಡೆ, ಸಮ ಸಾಲುಗಳಲ್ಲಿ ಇನ್ನೊಂದು ಕಡೆ. ಅದೇ ಬಾಚಣಿಗೆ. ಇದು ಕೆಡುಕಲ್ಲ, ಮೂಲದ ಸ್ವಭಾವ. ಬಿಡಿಸಿ ಹೆಣೆಯುವ ಡಿಇಂಟರ್‌ಲೇಸ್ ಎಂಬ ಸಂಸ್ಕಾರ ಮಾಡಿದರೆ ಹೋಗುತ್ತದೆ. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್, ಎಫ್‌ಎಫ್‌ಎಂಪೆಗ್ ಮುಂತಾದ ತಂತ್ರಾಂಶಗಳಲ್ಲಿ ಈ ಸೌಲಭ್ಯವಿದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಈ ಸಂಸ್ಕಾರವನ್ನು ಚಿತ್ರದ ಅಳತೆ ಹಿಗ್ಗಿಸುವ ಮೊದಲೇ ಮಾಡಬೇಕು. 576 ಸಾಲನ್ನು ಮೊದಲು 1080ಕ್ಕೆ ಹಿಗ್ಗಿಸಿದರೆ ಬೆಸ ಸಮ ಸಾಲುಗಳು ಒಂದರಲ್ಲೊಂದು ಕಲಸಿಹೋಗುತ್ತವೆ; ಹಿಟ್ಟಿನಲ್ಲಿ ಬೆರೆತ ಉಪ್ಪಿನಂತೆ, ಮತ್ತೆ ಬೇರ್ಪಡಿಸಲಾಗದು. ಹುಡುಗನ ರೆಂಡರಿನಲ್ಲಿ ಆಗಿದ್ದು ಅದೇ. ಮೂಲ ಕ್ಯಾಸೆಟ್ಟನ್ನು ಆಗಲೇ ಚೆಲ್ಲಿದ್ದರೆ ಆ ಗೆರೆಗಳು ಶಾಶ್ವತವಾಗುತ್ತಿದ್ದವು.

ಎರಡನೆಯದು ನಡುಕ. ಜಾತ್ರೆಯ ದೃಶ್ಯದಲ್ಲಿ ತೇರು ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋದಂತೆ ಕಾಣುತ್ತಿತ್ತು. ಎರಡು ಅರ್ಧಗಳಲ್ಲಿ ಯಾವುದು ಮೊದಲು ಎಂಬ ಲೆಕ್ಕ ತಪ್ಪಿದಾಗ ಹೀಗಾಗುತ್ತದೆ. ಡಿವಿ ಕ್ಯಾಮೆರಾದ ಚಿತ್ರದಲ್ಲಿ ಕೆಳಗಿನ ಅರ್ಧ ಮೊದಲು. ನಮ್ಮಲ್ಲಿಯ ಡಿವಿಡಿಗಳಲ್ಲಿ ಸಾಮಾನ್ಯವಾಗಿ ಮೇಲಿನ ಅರ್ಧ ಮೊದಲು. ಮದುವೆಯದು ಡಿವಿಡಿ ರೂಪದಲ್ಲಿ ಬಂದಿತ್ತು, ಜಾತ್ರೆಯದು ಡಿವಿ ರೂಪದಲ್ಲಿ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ್ದರಿಂದ ಒಂದು ಎತ್ತು ಏರಿಗೆ, ಒಂದು ನೀರಿಗೆ ಎಂಬಂತಾಗಿತ್ತು. ಜಾತ್ರೆಯ ತುಣುಕಿಗೆ ‘ಕೆಳಗಿನ ಅರ್ಧ ಮೊದಲು’ ಎಂದು ಹೇಳಿಕೊಟ್ಟ ಕೂಡಲೇ ತೇರು ನೆಟ್ಟಗೆ ಸಾಗಿತು.

ಮೂರನೆಯದು ಅಮೆರಿಕದ ಕ್ಯಾಮೆರಾದ್ದು. ಅಲ್ಲಿಯ ಪದ್ಧತಿ ಎನ್‌ಟಿಎಸ್‌ಸಿ, ಸೆಕೆಂಡಿಗೆ 29.97 ಚಿತ್ರ. ಅದನ್ನು 25ರ ಟೈಮ್‌ಲೈನಿಗೆ ಹಾಕಿದರೆ ತಂತ್ರಾಂಶಕ್ಕೆ ಎರಡೇ ದಾರಿ. ಸೆಕೆಂಡಿಗೆ ಐದರಷ್ಟು ಚಿತ್ರಗಳನ್ನು ಬಿಟ್ಟುಬಿಡಬೇಕು, ಆಗ ನಡಿಗೆ ಎಡವುತ್ತದೆ. ಇಲ್ಲವೇ ಎರಡನ್ನು ಬೆರೆಸಿ ಒಂದು ಮಾಡಬೇಕು, ಆಗ ಮನುಷ್ಯರಿಗೆ ದೆವ್ವದಂತೆ ಎರಡು ನೆರಳು ಬರುತ್ತವೆ. ಪರದೇಶದಲ್ಲಿರುವ ನಮ್ಮ ಮಕ್ಕಳು ಊರಿಗೆ ಬಂದಾಗ ತೆಗೆದ ಎಷ್ಟೋ ಚಿತ್ರಗಳಿಗೆ ಈ ತೊಡಕು ಇದೆ. ನನ್ನ ಸಲಹೆ ಸರಳವಾದದ್ದು: ಅವನ್ನು ಬೇರೆಯೇ ಚಿತ್ರವಾಗಿ, ಅವುಗಳದೇ ವೇಗದಲ್ಲಿ ರೆಂಡರ್ ಮಾಡಿ. ಎಲ್ಲವೂ ಒಂದೇ ಚಿತ್ರದಲ್ಲಿ ಇರಲೇಬೇಕೆಂಬ ಹಟವೇಕೆ?

ನಾಲ್ಕನೆಯದು ಹಸಿರು ಮಿಂಚು. ಇದಕ್ಕೆ ಹುಡುಗ ಬಹಳ ಹೆದರಿದ್ದ. ವಿಡಿಯೋದಲ್ಲಿ ಒಂದೊಂದು ಚುಕ್ಕೆಗೆ ಬೆಳಕಿನ ಅಂಕಿ ಒಂದು, ಬಣ್ಣದ ಅಂಕಿ ಎರಡು. ಬಣ್ಣವಿಲ್ಲದ ಸ್ಥಿತಿಗೆ ಆ ಎರಡು ಅಂಕಿಗಳು ಅಳತೆಯ ನಡುಮಧ್ಯದಲ್ಲಿ, ಅಂದರೆ 128ರಲ್ಲಿ ಇರಬೇಕು. ಮೂರೂ ಅಂಕಿಗಳು ಬಾರದೆ ಸೊನ್ನೆಯಾದರೆ ತೆರೆ ಕಪ್ಪಾಗುವುದಿಲ್ಲ, ಹಸಿರಾಗುತ್ತದೆ. ಹಸಿರು ಕಂಡಿತೆಂದರೆ ಆ ಚಿತ್ರ ಯಂತ್ರದ ಕೈಗೆ ತಲುಪಲಿಲ್ಲವೆಂದು ತಿಳಿಯಬೇಕು. ಇವನ ರೆಂಡರಿನಲ್ಲಿ ಹಸಿರು ಒಂದು ಸಲ ಹನ್ನೆರಡನೆಯ ನಿಮಿಷಕ್ಕೆ, ಮತ್ತೊಂದು ಸಲ ಮೂವತ್ತನೆಯ ನಿಮಿಷಕ್ಕೆ ಬಂದಿತ್ತು. ಜಾಗ ಬದಲಾಯಿತೆಂದ ಮೇಲೆ ಕಾರಣ ಯಂತ್ರವೇ. ಗ್ರಾಫಿಕ್ಸ್ ಕಾರ್ಡಿನ ಸಹಾಯ ತೆಗೆದುಕೊಳ್ಳುವ ಹಾರ್ಡ್‌ವೇರ್ ಆಕ್ಸಿಲರೇಶನ್ ಎಂಬ ಆಯ್ಕೆಯನ್ನು ಬಂದ್ ಮಾಡಿ ರೆಂಡರ್ ಮಾಡಿಸಿದೆ. ವೇಳೆ ಮೂರು ಪಟ್ಟು ಹಿಡಿಯಿತು, ಹಸಿರು ಬರಲಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತಾಸುಗಟ್ಟಲೆ ರೆಂಡರ್ ಮಾಡುವವರು ಇದನ್ನೂ ನೆನಪಿಡಬೇಕು. ಕರೆಂಟಿನ ಮಾತೂ ಇದೆ. ಎಂಪಿ4 ಫೈಲಿನ ಪರಿವಿಡಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ಅದಕ್ಕಿಂತ ಮುಂಚೆ ಕರೆಂಟು ಹೋದರೆ ಚಿತ್ರವೆಲ್ಲ ಒಳಗಿದ್ದರೂ ಫೈಲು ತೆರೆಯುವುದಿಲ್ಲ. ಅದು ಕ್ಯಾಸೆಟ್ಟಿನ ದೋಷವೂ ಅಲ್ಲ, ದೈವದ ದೋಷವೂ ಅಲ್ಲ.

ಐದನೆಯದು ಚೌಕಗಳು. ಮದುವೆಯ ಚಿತ್ರದಲ್ಲಿ ಎಲ್ಲ ಕಡೆ ಮುಖಗಳು ಸ್ಪಷ್ಟ. ಸರಿಯಾಗಿ ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಮಾತ್ರ ಇಡೀ ಮಂಟಪ ಚೌಕಚೌಕವಾಗಿ ಒಡೆಯುತ್ತಿತ್ತು. ಇದು ಆಕಸ್ಮಿಕವಲ್ಲ. ಇಂದಿನ ವಿಡಿಯೋ ಫೈಲು ಹಾಜರಿ ಪುಸ್ತಕದಂತೆ ಕೆಲಸ ಮಾಡುತ್ತದೆ. ತಿಂಗಳ ಮೊದಲಿಗೆ ಹುಡುಗರ ಹೆಸರುಗಳನ್ನು ಪೂರ್ತಿ ಬರೆಯುತ್ತೇವೆ. ಆಮೇಲೆ ದಿನಾಲೂ ಬರೆಯುವುದು ಬಂದವರ, ಬಾರದವರ ಗುರುತು ಮಾತ್ರ. ಫೈಲಿನಲ್ಲಿಯೂ ಆಗಾಗ ಒಂದು ಪೂರ್ಣ ಚಿತ್ರ, ನಡುವೆ ಬದಲಾದದ್ದರ ಗುರುತು ಮಾತ್ರ. ಎಲ್ಲರೂ ಸುಮ್ಮನೆ ಕುಳಿತಾಗ ಬದಲಾಗುವುದು ಕಡಿಮೆ. ಸ್ವಲ್ಪ ಜಾಗ ಸಾಕು. ನೂರಾರು ಕೈಗಳು ಒಮ್ಮೆಲೆ ಎದ್ದು ಅಕ್ಕಿಕಾಳು ಸುರಿದಾಗ ಪ್ರತಿಯೊಂದು ಚುಕ್ಕೆಯೂ ಬದಲಾಗುತ್ತದೆ. ಕೊಟ್ಟ ಜಾಗ ಸಾಲದೆ ತಂತ್ರಾಂಶ ಚಿತ್ರವನ್ನು ಒರಟು ಚೌಕಗಳಲ್ಲಿ ಮುಗಿಸಿಬಿಡುತ್ತದೆ. ಜಾತ್ರೆಯ ಭಂಡಾರ, ಬಾಗಲಕೋಟೆಯ ಹೋಳಿಯ ಓಕುಳಿ, ಗಾಳಿಗೆ ಅಲುಗುವ ಹೊಳೆಯ ನೀರು, ಕಬ್ಬಿನ ಗದ್ದೆ ಇವೆಲ್ಲ ಇದೇ ಜಾತಿಯ ದೃಶ್ಯಗಳು. ನಮ್ಮ ಬದುಕಿನ ಸಂಭ್ರಮದ ಗಳಿಗೆಗಳೇ ಯಂತ್ರಕ್ಕೆ ಕಠಿಣವಾದವು ಎಂಬುದು ವಿಚಿತ್ರವಾದರೂ ನಿಜ. ಪರಿಹಾರವೇನೆಂದರೆ ಫೈಲಿನ ಗಾತ್ರವನ್ನು ನಿಗದಿ ಮಾಡದೆ ಗುಣಮಟ್ಟವನ್ನು ನಿಗದಿ ಮಾಡುವುದು. ಹ್ಯಾಂಡ್‌ಬ್ರೇಕಿನಲ್ಲಿ ಆರ್‌ಎಫ್ ಎಂಬ ಅಂಕಿಯನ್ನು 18ರ ಆಸುಪಾಸಿನಲ್ಲಿ ಇಟ್ಟರೆ ಬೇಕಾದಲ್ಲಿ ಜಾಗವನ್ನು ಅದೇ ತೆಗೆದುಕೊಳ್ಳುತ್ತದೆ. ಅಂಕಿ ಕಡಿಮೆಯಾದಷ್ಟೂ ಚಿತ್ರ ಉತ್ತಮ.

ಇನ್ನೆರಡು ಸಂಗತಿಗಳನ್ನು ಹೆಣ್ಣುಮಕ್ಕಳು ಗುರುತಿಸಿದ್ದರಿಂದ ಇಲ್ಲಿ ಸೇರಿಸುತ್ತೇನೆ. ಇಳಕಲ್ಲ ಸೀರೆಯ ಕೆಂಪು ತೆನಿ ಸೆರಗಿನ ಅಂಚು ಏಕೆ ಹರಡಿದಂತೆ ಕಾಣುತ್ತದೆ ಎಂದು ನನ್ನ ಸೊಸೆ ಕೇಳಿದಳು. ಮನೆಬಳಕೆಯ ವಿಡಿಯೋಗಳಲ್ಲಿ ಬೆಳಕನ್ನು ಪ್ರತಿ ಚುಕ್ಕೆಗೂ ಬರೆಯುತ್ತಾರೆ, ಬಣ್ಣವನ್ನು ನಾಲ್ಕು ಚುಕ್ಕೆಗಳಿಗೆ ಒಂದರಂತೆ ಬರೆಯುತ್ತಾರೆ. ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಂತೂ ಬಣ್ಣದ ವಿವರ ಇನ್ನೂ ಕಡಿಮೆ. ಗಾಢ ಕೆಂಪಿನಲ್ಲಿ ಇದು ಎದ್ದು ಕಾಣುತ್ತದೆ. ಗುಳೇದಗುಡ್ಡದ ಖಣದ ಸಣ್ಣ ನೇಯ್ಗೆ ಮಿಣಮಿಣ ಮಿನುಗುವುದೂ ದೋಷವಲ್ಲ. ನೇಯ್ಗೆಯ ಗೆರೆಗಳು ಟಿವಿಯ ಸಾಲುಗಳಷ್ಟೇ ಸಣ್ಣವಾದಾಗ ಅವು ಒಂದು ಅರ್ಧದಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಂತಾಗುತ್ತವೆ. ಇವನ್ನು ತಿದ್ದಲು ಹೋಗಬೇಡಿ. ತಿದ್ದಿದರೆ ಖಣ ಹೋಗಿ ಬರಿಯ ಬಣ್ಣ ಉಳಿಯುತ್ತದೆ.

ಹಾಗಾದರೆ ಕ್ಯಾಸೆಟ್ಟಿನದೇ ಆದ ದೋಷ ಯಾವುದೂ ಇರಲಿಲ್ಲವೇ? ಇತ್ತು. ಅಲ್ಲಲ್ಲಿ ಬಿಳಿಯ ಕಿಡಿಗಳು ಹಾರುತ್ತಿದ್ದವು. ಟೇಪಿನ ಮೇಲಿನ ಕಾಂತದ ಲೇಪ ಉದುರಿದ ಜಾಗಗಳು ಅವು. ಚಿತ್ರದ ತೀರ ಕೆಳಗೆ ಒಂದು ಕದಡಿದ ಪಟ್ಟಿ ಇತ್ತು. ಅದು ವಿಸಿಆರಿನ ತಿರುಗುವ ಹೆಡ್ಡುಗಳು ಒಂದರಿಂದ ಒಂದಕ್ಕೆ ಸರದಿ ಬದಲಿಸುವ ಗುರುತು. ಎಲ್ಲ ವಿಎಚ್‌ಎಸ್ ಚಿತ್ರಗಳಲ್ಲಿಯೂ ಇರುತ್ತದೆ. ಹಳೆಯ ಟಿವಿಯ ಚೌಕಟ್ಟು ಅದನ್ನು ಮುಚ್ಚುತ್ತಿತ್ತು. ಒಟ್ಟಿನಲ್ಲಿ ಸುಮಾರು ಮೂವತ್ತು ವರ್ಷದ ಟೇಪು ತನ್ನ ಕೆಲಸ ಮಾಡಿತ್ತು. ತಪ್ಪಿದ್ದು ಈಚಿನ ಕೆಲಸದಲ್ಲಿ. ಸರಿಪಡಿಸಿ ರೆಂಡರ್ ಮಾಡಿದ ಚಿತ್ರವನ್ನು ನೋಡುತ್ತಿದ್ದಾಗ ನನ್ನ ತಂಗಿ ಒಂದೆಡೆ ನಿಲ್ಲಿಸಲು ಹೇಳಿದಳು. ಮದುಮಗಳ ಹಿಂದೆ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದ ಗೆರೆಗಳು ಕಾಣುತ್ತಿದ್ದವು. “ಅಣ್ಣಾ, ಅವ್ವ ನಮ್ಮ ಎತ್ತರಾ ಬರದಿದ್ದು” ಎಂದಳು. ಮೊದಲಿನ ರೆಂಡರಿನಲ್ಲಿ ಆ ಬಾಗಿಲು ಬರಿಯ ಕಂದು ಚೌಕವಾಗಿತ್ತು.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯಗಳನ್ನು ಸ್ಪಷ್ಟವಾಗಿ ಮಂಡಿಸುವುದು ನನ್ನ ಕರ್ತವ್ಯ.

ಚೌಕಟ್ಟನ್ನು ಕತ್ತರಿಸುವುದಕ್ಕೆ ನನ್ನ ವಿರೋಧವಿದೆ. ಹಳೆಯ ಚಿತ್ರದ ಆಕಾರ ನಾಲ್ಕಕ್ಕೆ ಮೂರು. ಇಂದಿನ ಟಿವಿಯದು ಹದಿನಾರಕ್ಕೆ ಒಂಬತ್ತು. ಎಡಬಲದ ಕಪ್ಪು ಪಟ್ಟಿ ಚೆಂದ ಕಾಣುವುದಿಲ್ಲವೆಂದು ಕೆಲವರು ಚಿತ್ರವನ್ನು ಅಡ್ಡಲಾಗಿ ಎಳೆಯುತ್ತಾರೆ. ಆಗ ಎಲ್ಲರೂ ದಪ್ಪಗಾಗುತ್ತಾರೆ. ಕೆಲವರು ಮೇಲೆ ಕೆಳಗೆ ಕತ್ತರಿಸಿ ತುಂಬಿಸುತ್ತಾರೆ. ಆಗ ಚಿತ್ರದ ನಾಲ್ಕನೆಯ ಒಂದು ಭಾಗವೇ ಹೋಗುತ್ತದೆ. ಹೋಗುವುದು ಯಾವ ಭಾಗ? ಮೇಲಿನ ತೊಲೆ, ಕೆಳಗಿನ ಕಟ್ಟೆ, ಅಂಗಳದಲ್ಲಿ ಕುಳಿತ ಹಿರಿಯರು. ನಮಗೆ ಇಂದು ಬೇಕಾದದ್ದೇ ಅದು. ಕಪ್ಪು ಪಟ್ಟಿ ಇರಲಿ ಬಿಡಿ.

ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ‘ಸ್ಪಷ್ಟ’ಗೊಳಿಸುವ ತಂತ್ರಾಂಶಗಳು ಈಗ ಬಂದಿವೆ. ಮಸುಕಾದ ಮುಖಕ್ಕೆ ಅವು ರೆಪ್ಪೆ, ತುಟಿ, ಹಲ್ಲುಗಳನ್ನು ಕೊಡುತ್ತವೆ. ಆದರೆ ಟೇಪಿನಲ್ಲಿ ಇಲ್ಲದ ವಿವರವನ್ನು ಅವು ಎಲ್ಲಿಂದ ತರಬೇಕು? ಬೇರೆ ಅಸಂಖ್ಯ ಮುಖಗಳನ್ನು ಕಂಡ ರೂಢಿಯಿಂದ ಊಹಿಸಿ ತುಂಬುತ್ತವೆ. ಅಪರಿಚಿತರ ಚಿತ್ರವಾದರೆ ಸರಿ. ತೀರಿಹೋದ ನಮ್ಮ ತಾಯಿಯ ಮುಖಕ್ಕೆ ಮತ್ತಾರದೋ ತುಟಿ ಬಂದರೆ ನಮ್ಮ ಮೊಮ್ಮಕ್ಕಳು ಅದನ್ನೇ ಅಜ್ಜಿಯೆಂದು ನಂಬುತ್ತಾರೆ. ಮಸುಕು ಪ್ರಾಮಾಣಿಕವಾದದ್ದು. ಮಾಡಲೇಬೇಕೆನ್ನುವವರು ಮಾಡಲಿ, ಆದರೆ ಅದನ್ನು ಬೇರೆ ಪ್ರತಿಯಾಗಿ ಇಟ್ಟು ಹಾಗೆಂದು ಹೆಸರಿನಲ್ಲಿಯೇ ಬರೆಯಲಿ.

ಹಾಡಿನ ವಿಷಯವೂ ಇದೆ. ಮದುವೆಯ ವಿಡಿಯೋ ಎಂದರೆ ಸಿನಿಮಾ ಹಾಡು ಹಾಕಲೇಬೇಕೆಂಬ ಒಂದು ಪದ್ಧತಿ ಇದೆ. ಅದರಡಿಯಲ್ಲಿ ಸೋಬಾನೆ ಹಾಡುವ ಮುದುಕಿಯರ ದನಿ, “ಊಟಕ್ಕ ಏಳ್ರೆಪಾ” ಎಂದು ಕೂಗುವ ಕಾಕಾನ ದನಿ ಮುಳುಗಿಹೋಗುತ್ತದೆ. ನೀರು ಊರನ್ನು ಮುಳುಗಿಸಿತು. ದನಿಯನ್ನಾದರೂ ನಾವೇ ಮುಳುಗಿಸದಿರೋಣ.

ಇದಕ್ಕೆ ಎಳೆಯರ ಆಕ್ಷೇಪಣೆಗಳೂ ಉಂಟು, ಅವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಮೂರು ತಾಸಿನ ಮದುವೆಯನ್ನು ಯಾರು ನೋಡುತ್ತಾರೆ ಎಂದು ಕೇಳುತ್ತಾರೆ. ನಿಜ, ಯಾರೂ ನೋಡುವುದಿಲ್ಲ. ಇಪ್ಪತ್ತು ನಿಮಿಷದ ಚಿತ್ರ ಮಾಡಿ, ಹಾಡನ್ನೂ ಹಾಕಿ, ಹಂಚಿ, ನನ್ನ ತಕರಾರಿಲ್ಲ. ಆದರೆ ಅದು ಹಂಚಲು ಮಾಡಿದ ಪ್ರತಿ. ಮೂಲ ಬೇರೆ, ಪ್ರತಿ ಬೇರೆ. ಮನೆಯ ಖರೀದಿ ಪತ್ರದ ಜೆರಾಕ್ಸ್ ತೆಗೆಸಿದ ಮೇಲೆ ಮೂಲ ಪತ್ರವನ್ನು ಹರಿಯುವವರು ಉಂಟೇ? ಜಾಗದ ಚಿಂತೆಯನ್ನೂ ಹೇಳುತ್ತಾರೆ. ಡಿವಿ ರೂಪದ ಮೂಲ ಚಿತ್ರಕ್ಕೆ ತಾಸಿಗೆ ಸುಮಾರು 13 ಜಿಬಿ ಬೇಕು. ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಎಪ್ಪತ್ತು ತಾಸಿಗೂ ಹೆಚ್ಚು ಹಿಡಿಸುತ್ತದೆ. ಒಂದು ಮನೆತನದ ಎಲ್ಲ ಮದುವೆ, ಮುಂಜಿವೆ, ಜಾತ್ರೆಗಳಿಗೆ ಅಷ್ಟು ಸಾಕು. ಅಂತಹ ಎರಡು ಡಿಸ್ಕು ಕೊಂಡು ಇಬ್ಬರ ಮನೆಗಳಲ್ಲಿ ಇಡುವುದು ಅಣ್ಣತಮ್ಮಂದಿರು ಕೂಡಿ ಮಾಡಬಹುದಾದ ಖರ್ಚು.

ಆದರೆ ಕಾಲ ಕಾಯುವುದಿಲ್ಲ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯೆಂದು ಹೆಸರಾದ ಜಪಾನಿನ ಫುನಾಯಿ 2016ರ ಜುಲೈಯಲ್ಲಿ ತಯಾರಿಕೆ ನಿಲ್ಲಿಸಿತು. ಟೇಪು ಇದ್ದು ಅದನ್ನು ಓಡಿಸುವ ಯಂತ್ರವಿಲ್ಲದ ಕಾಲ ದೂರವಿಲ್ಲ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ಹಾಗೆಯೇ ಯಂತ್ರಕ್ಕೆ ಹಾಕಬೇಡಿ. ಹೆಡ್ಡು ಕೆಟ್ಟು ಉಳಿದ ಕ್ಯಾಸೆಟ್ಟುಗಳಿಗೂ ಅದು ಅಂಟುತ್ತದೆ. ಬಲ್ಲವರಿಂದ ಒರೆಸಿಸಿದ ಮೇಲೆ ಹಾಕಿ.

ಕೊನೆಯದಾಗಿ, ಇದು ಮುಗಿದ ಕಥೆಯಲ್ಲ. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿ ಕೊಟ್ಟಿತು. ನೀರು ಆ ಮಟ್ಟಕ್ಕೆ ಏರಿದರೆ ಇನ್ನೂ ಕೆಲವು ಊರುಗಳು ಜಾಗ ಬಿಡಬೇಕಾಗುತ್ತದೆ. ಆ ಊರುಗಳ ನನ್ನ ವಿದ್ಯಾರ್ಥಿಗಳು ಈ ಲೇಖನ ಓದುತ್ತಿದ್ದರೆ ಅವರಿಗೆ ವಿಶೇಷವಾಗಿ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಈಗ ಮೊಬೈಲಿದೆ; ನಮ್ಮ ಕಾಲದಲ್ಲಿ ಆ ಅನುಕೂಲವಿರಲಿಲ್ಲ. ಅಡ್ಡಲಾಗಿ ಹಿಡಿದು ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸಾವಕಾಶವಾಗಿ ನಡೆಯಿರಿ. ಜನರಿಲ್ಲದ ಗೋಡೆ, ಮೆಟ್ಟಿಲು, ಗಿಡದ ನೆರಳು ಇವನ್ನೂ ತೆಗೆಯಿರಿ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಮೂಲವೆಂದು ತಿಳಿಯಬೇಡಿ. ಕಳಿಸುವಾಗ ಅದು ಸಾಮಾನ್ಯವಾಗಿ ಚಿತ್ರವನ್ನು ಕುಗ್ಗಿಸುತ್ತದೆ. ಮೊಬೈಲಿನ ಫೈಲನ್ನೇ ಡಿಸ್ಕಿಗೆ ನಕಲು ಮಾಡಿ. ಮೊಬೈಲು ಬೆಳಕಿಗೆ ತಕ್ಕಂತೆ ಚಿತ್ರದ ವೇಗವನ್ನು ಹೆಚ್ಚುಕಡಿಮೆ ಮಾಡುವುದುಂಟು. ಅದರಿಂದ ಮುಂದೆ ಜೋಡಿಸುವಾಗ ತುಟಿಗೂ ಮಾತಿಗೂ ತಾಳ ತಪ್ಪಿದರೆ, ಒಂದೇ ವೇಗಕ್ಕೆ ಮೊದಲು ಪರಿವರ್ತಿಸಿಕೊಂಡು ಆಮೇಲೆ ಜೋಡಿಸಿ.

ಯಾರ ಟ್ರಂಕಿನಲ್ಲಿ ಹಳೆಯ ಕ್ಯಾಸೆಟ್ಟು ಇದೆಯೋ ಅವರು ಅದರ ಮೇಲೆ ಊರು, ವರ್ಷ, ಯಾರ ಮದುವೆ ಎಂಬುದನ್ನು ಇಂದೇ ಬರೆಯಲಿ. ಮನೆಯ ಹಿರಿಯರು ಇರುವಾಗಲೇ ಅವರೊಂದಿಗೆ ಕುಳಿತು ಒಮ್ಮೆ ನೋಡಿ, ಯಾವ ನಿಮಿಷದಲ್ಲಿ ಯಾರು ಕಾಣುತ್ತಾರೆ, ಹಿಂದೆ ಕಾಣುವ ಮನೆ ಯಾರದು ಎಂದು ಒಂದು ವಹಿಯಲ್ಲಿ ಬರೆದಿಡಲಿ. ಗೆರೆ, ಹಸಿರು, ಚೌಕಗಳನ್ನು ಯಾವಾಗ ಬೇಕಾದರೂ ತಿದ್ದಬಹುದು. ಹೆಸರು ಹೇಳುವವರು ಹೋದ ಮೇಲೆ ಆ ಓಣಿಯ ಜನರನ್ನು ಗುರುತಿಸುವ ತಂತ್ರಾಂಶ ಯಾವುದೂ ಇಲ್ಲ.

ನನ್ನ ಹತ್ತಿರ ಚೆನ್ನಾಗಿ ಓಡುವ ವಿಸಿಆರ್ ಒಂದಿದೆ. ದೀಪಾವಳಿಗೆ ಊರಿಗೆ ಬರುವವರು ಕ್ಯಾಸೆಟ್ಟುಗಳನ್ನು ತರಬಹುದು. ಕೆಟ್ಟಿವೆ ಎಂದು ನೀವು ತಿಳಿದವನ್ನೇ ಮೊದಲು ತನ್ನಿ.